ಲಕ್ವಕ್ಕೆ ಹೆಪ್ಪು ಕರಗಿಸುವ ಮದ್ದು

ಚಿತ್ರದುರ್ಗದ ಸೀಮೆಯಲ್ಲಿ ಅಡಿಕೆಯ ಮಾತು ಬಂದಿತೆಂದರೆ ಭೀಮಸಮುದ್ರದ ಹೆಸರು ತಾನಾಗಿ ನಾಲಗೆಗೆ ಬರುವುದು. ಊರ ದೊಡ್ಡ ಕೆರೆ, ಸುತ್ತಣ ತೋಟಗಳು, ಅಡಿಕೆಯ ವ್ಯಾಪಾರ, ಇವುಗಳಿಂದ ಆ ಊರು ಹೆಸರಾದುದು. ರಾಶಿ, ಬೆಟ್ಟೆ, ಕೆಂಪುಗೋಟುಗಳ ದರವನ್ನು ದಿನಪತ್ರಿಕೆಯಲ್ಲಿ ನೋಡುವ ಅಭ್ಯಾಸವುಳ್ಳವರಿಗೆ ಅದರ ಪರಿಚಯವನ್ನು ನಾವು ಹೇಳಬೇಕಾದುದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿಯ ಬೆಳೆಗಾರರ ಮನೆಗಳಲ್ಲಿ ಹಗಲು ಇರುಳೆಂಬ ಭೇದವೇ ಉಳಿಯುವುದಿಲ್ಲ. ಸುಲಿಯುವವರು ಒಂದು ಕಡೆ, ಹಂಡೆಯಲ್ಲಿ ಬೇಯಿಸುವವರು ಒಂದು ಕಡೆ, ಒಣಗಲು ಹರಡುವವರು ಇನ್ನೊಂದು ಕಡೆ. ಇಂತಹ ಗಡಿಬಿಡಿಯ ನಡುವೆ ಮನೆಯ ಹಿರಿಯರೊಬ್ಬರ ಬಾಯಿ ತುಸು ಸೊಟ್ಟಗಾಗಿ, ಕೈಯಲ್ಲಿದ್ದ ಲೋಟ ಜಾರಿಬಿದ್ದು, ಮಾತು ತೊದಲತೊಡಗಿದರೆ, "ಆಯಾಸವಾಗಿದೆ, ಒಂದು ಗಳಿಗೆ ಮಲಗಲಿ" ಎಂದು ಹೇಳುವವರೇ ಹೆಚ್ಚು. ಮಲಗಿದವರು ಏಳುವ ಹೊತ್ತಿಗೆ ಒಂದು ಪಕ್ಕದ ಕೈಕಾಲುಗಳು ಬಿದ್ದುಹೋಗಿರುವುವು. ಇದನ್ನೇ ಜನರು ಲಕ್ವವೆಂದೂ ವೈದ್ಯಗ್ರಂಥಗಳು ಪಕ್ಷಾಘಾತ ಅಥವಾ ಪಾರ್ಶ್ವವಾಯುವೆಂದೂ ಕರೆಯುವುವು.

ಆಯಾಸವೆಂದು ಮಲಗಿಸುವುದರ ಕೆಡುಕನ್ನು ಕುರಿತು ಈಗ ಅನೇಕರು ಬರೆದಿರುವರು. ಪಾರಿವಾಳದ ರಕ್ತವನ್ನು ತಿಕ್ಕುವುದರಿಂದಲೂ ಎಣ್ಣೆಯ ಉಪಚಾರದಿಂದಲೂ ಕಳೆದುಹೋಗುವ ಹೊತ್ತಿನ ವಿಷಯವನ್ನೂ ಓದುಗರು ಬಲ್ಲರು. ನಾವು ಈ ಸಲ ಹೇಳಹೊರಟಿರುವುದು ಅದಕ್ಕೆ ಮುಂದಿನ ಸಂಗತಿ. ಮನೆಯವರು ಜಾಣರಾಗಿದ್ದು, 108 ಕ್ಕೆ ಕರೆಮಾಡಿ, ಹೊತ್ತು ಮೀರದೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಮುಟ್ಟಿದರೆಂದೇ ಇಟ್ಟುಕೊಳ್ಳೋಣ. ತಲೆಯ ಸಿ.ಟಿ. ಸ್ಕ್ಯಾನ್ ಆಗುವುದು. ವೈದ್ಯರು ಹೊರಗೆ ಬಂದು, "ಇದು ರಕ್ತ ಹೆಪ್ಪುಗಟ್ಟಿ ಬಂದ ಲಕ್ವ. ಹೆಪ್ಪನ್ನು ಕರಗಿಸುವ ಮದ್ದು ಉಂಟು. ಆದರೆ ಅದರಿಂದ ಮೆದುಳಿನೊಳಗೆ ರಕ್ತ ಸೋರುವ ಸಂಭವವೂ ಉಂಟು. ಕೊಡಬಹುದೆ?" ಎಂದು ಕೇಳುವರು. ಕೈಗೆ ಒಂದು ಕಾಗದ ಬರುವುದು. ಮಗನಿಗೆ ಕೇಳಿಸಿದುದು "ರಕ್ತ ಸೋರುವ ಸಂಭವ" ಎಂಬ ಮಾತು ಮಾತ್ರ. ಅವನು ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡುವನು; ಅಣ್ಣನು ಶಿವಮೊಗ್ಗದ ಭಾವನನ್ನು ವಿಚಾರಿಸುವನು; ಭಾವನಿಗೆ ಗೊತ್ತಿರುವ ಯಾರೋ ಒಬ್ಬರು "ಆ ಮದ್ದು ಅಪಾಯ" ಎನ್ನುವರು. ಅರ್ಧಗಂಟೆ ಕಳೆದ ಮೇಲೆ "ಬೇಡ ಡಾಕ್ಟರೇ" ಎಂಬ ಉತ್ತರ ಬರುವುದು. ಬೇಡವೆಂದುದು ಎಚ್ಚರಿಕೆಯ ಮಾತಾಗಿ ತೋರುವುದು ಸಹಜ. ಆದರೆ ಬೇಡವೆನ್ನುವುದರಲ್ಲಿಯೂ ಒಂದು ಅಪಾಯ ಅಡಗಿರುವುದು, ಮತ್ತು ಅದು ಬಹುಮಟ್ಟಿಗೆ ದೊಡ್ಡದು, ಎಂಬುದನ್ನು ಆ ಗಳಿಗೆಯಲ್ಲಿ ವಿವರಿಸಿ ಹೇಳುವಷ್ಟು ಬಿಡುವು ಯಾರಿಗೂ ಇರುವುದಿಲ್ಲ. ಆದಕಾರಣ ಈ ಮದ್ದಿನ ಅಪಾಯಗಳನ್ನು ಮನೆಯಲ್ಲಿ ಸಾವಧಾನವಾಗಿ ಕುಳಿತಿರುವಾಗಲೇ ತಿಳಿದಿರುವುದು ಮೇಲು.

ಲಕ್ವದಲ್ಲಿ ಎರಡು ಬಗೆ. ಮೆದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಣ ಭಾಗ ಬರಗೆಡುವುದು ಒಂದು. ನಾಳವೇ ಒಡೆದು ಮೆದುಳಿನೊಳಗೆ ರಕ್ತ ಹರಿಯುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಹೊರಗಿನಿಂದ ನೋಡಿದರೆ ಎರಡರ ಲಕ್ಷಣಗಳೂ ಒಂದೇ ತೆರನಾಗಿರುವುವು. ಎಂತಹ ನುರಿತ ವೈದ್ಯರಿಗೂ ಕೈ ಹಿಡಿದು ನೋಡಿದ ಮಾತ್ರಕ್ಕೆ ಇದು ಇಂಥದೇ ಎಂದು ಖಂಡಿತವಾಗಿ ಹೇಳಲು ಬಾರದು. ಸ್ಕ್ಯಾನ್ ಮಾಡಿದರೆ ಸೋರಿದ ರಕ್ತ ಬೆಳ್ಳಗೆ ಕಾಣುವುದು. ಮೊದಲ ಬಗೆಗೆ ಸಂಜೀವಿನಿಯಾದ ಮದ್ದು ಎರಡನೆಯ ಬಗೆಗೆ ವಿಷವಾಗುವುದರಿಂದ, ಸ್ಕ್ಯಾನ್ ಇಲ್ಲದೆ ಅದನ್ನು ಕೊಡುವಂತೆಯೇ ಇಲ್ಲ.

ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುವುವೆಂದು ತಜ್ಞರು 2006 ರಲ್ಲಿ ಲೆಕ್ಕಹಾಕಿರುವರು. ಬೆಂಗಳೂರಿನ ಅಣ್ಣನಿಗೆ ಫೋನ್ ಮಾಡುವ ಅರ್ಧಗಂಟೆಯ ಬೆಲೆ ಇದರಿಂದ ತಿಳಿಯುವುದು.

ಹೆಪ್ಪು ಕರಗಿಸುವ ವಿದ್ಯೆ ಹೊಸದಲ್ಲ. 1933 ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಟಿಲೆಟ್ ಎಂಬ ವೈದ್ಯರು, ಸ್ಟ್ರೆಪ್ಟೋಕಾಕಸ್ ಎಂಬ ಸೂಕ್ಷ್ಮಜೀವಿಯ ರಸವು ಮನುಷ್ಯರ ರಕ್ತದ ಹೆಪ್ಪನ್ನು ನೀರುಮಾಡುವುದೆಂದು ಕಂಡುಹಿಡಿದರು. ಅದರಿಂದ ಬಂದ ಸ್ಟ್ರೆಪ್ಟೋಕೈನೇಸ್ ಎಂಬ ಮದ್ದು ಹೃದಯಾಘಾತದಲ್ಲಿ ಬಹಳ ಪ್ರಾಣಗಳನ್ನುಳಿಸಿತು. ಆದರೆ ಅದನ್ನೇ ಲಕ್ವಕ್ಕೆ ಬಳಸಿ 1990 ರ ದಶಕದಲ್ಲಿ ಯೂರೋಪಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ನಡೆಸಿದ ಪ್ರಯೋಗಗಳನ್ನು, ಮೆದುಳಿನ ರಕ್ತಸ್ರಾವ ಅತಿಯಾದುದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅನಂತರ ಗೆದ್ದುದು ಆಲ್ಟಿಪ್ಲೇಸ್ ಎಂಬುದು. ನಮ್ಮ ರಕ್ತನಾಳಗಳ ಒಳಪೊರೆಯೇ ಹೆಪ್ಪನ್ನು ಕರಗಿಸಲೆಂದು ಸ್ವಲ್ಪಸ್ವಲ್ಪವಾಗಿ ತಯಾರಿಸುವ ಪದಾರ್ಥದ ಪ್ರತಿರೂಪ ಅದು. ಹೆಪ್ಪನ್ನು ಬಲೆಯಂತೆ ಹೆಣೆದಿಡುವ ಫೈಬ್ರಿನ್ ಎಂಬ ಎಳೆಗಳನ್ನು ಕಡಿಯುವ ಪ್ಲಾಸ್ಮಿನ್ ಎಂಬುದನ್ನು ಅದು ರಕ್ತದಲ್ಲಿ ಎಬ್ಬಿಸುವುದು. 1995 ರಲ್ಲಿ ಅಮೆರಿಕದ ಪ್ರಯೋಗದ ಫಲಿತಾಂಶ ಪ್ರಕಟವಾಗಿ, 1996 ರಲ್ಲಿ ಅಲ್ಲಿಯ ಸರಕಾರದ ಅನುಮತಿ ದೊರೆಯಿತು.

ಈಗ ಅಪಾಯದ ಮಾತಿಗೆ ಬರೋಣ. ಇತರ ಅನೇಕ ಮದ್ದುಗಳಲ್ಲಿ ಗುಣವೊಂದು, ಅಡ್ಡಪರಿಣಾಮ ಇನ್ನೊಂದು. ಇಲ್ಲಿ ಹಾಗಲ್ಲ, ಗುಣವೂ ಅಪಾಯವೂ ಒಂದೇ ಕ್ರಿಯೆಯ ಎರಡು ಮುಖಗಳು. ಮೆದುಳಿನ ನಾಳದಲ್ಲಿ ಸಿಕ್ಕಿರುವ ಕೆಟ್ಟ ಹೆಪ್ಪನ್ನು ಕರಗಿಸುವ ಮದ್ದಿಗೆ, ಮೊನ್ನೆ ಗಾಯವಾದ ಕಡೆ ರಕ್ತವನ್ನು ತಡೆದು ನಿಂತಿರುವ ಒಳ್ಳೆಯ ಹೆಪ್ಪು ಬೇರೆಯೆಂದು ತಿಳಿಯದು. ಮೇಲಾಗಿ, ರಕ್ತವಿಲ್ಲದೆ ಗಂಟೆಗಟ್ಟಲೆ ಕಳೆದ ನಾಳದ ಗೋಡೆಗಳು ಸಡಿಲವಾಗಿರುವುವು. ಕೆರೆಯ ತೂಬು ಕಟ್ಟಿಕೊಂಡು ಬಹುದಿನ ಒಣಗಿ ಬಿರಿದ ಕಾಲುವೆಗೆ ಒಮ್ಮೆಗೇ ನೀರು ನುಗ್ಗಿದರೆ, ಬಿರುಕು ಬಿಟ್ಟ ಕಡೆ ದಡ ಒಡೆಯುವುದನ್ನು ತೋಟಗಾರರು ಕಂಡಿರುವರಷ್ಟೆ. ಮೆದುಳಿನಲ್ಲಿ ಆಗುವುದೂ ಅಂಥದೇ. ಕಾಲುವೆ ಎಷ್ಟು ಹೆಚ್ಚು ದಿನ ಒಣಗಿತ್ತೋ ಒಡೆಯುವ ಭಯ ಅಷ್ಟು ಹೆಚ್ಚು. ಮದ್ದನ್ನು ಲಕ್ವ ತಗುಲಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕೆಂಬ ಕಟ್ಟಿನ ಒಳಗುಟ್ಟು ಇದೇ. ಅದರೊಳಗೂ ಮುಂಚೆ ಕೊಟ್ಟಷ್ಟೂ ಫಲ ಹೆಚ್ಚು.

ಅಪಾಯದ ಪ್ರಮಾಣವೇನು? 1995 ರ ಪ್ರಯೋಗದಲ್ಲಿ 624 ರೋಗಿಗಳಿದ್ದರು. ಎಲ್ಲರಿಗೂ ಮೂರು ಗಂಟೆಗಳೊಳಗೆ ಚಿಕಿತ್ಸೆ. ಮದ್ದು ಪಡೆದವರಲ್ಲಿ ನೂರಕ್ಕೆ 6.4 ಮಂದಿಗೆ ಸ್ಥಿತಿ ಕೆಡುವಷ್ಟು ರಕ್ತಸ್ರಾವ ಮೆದುಳಿನಲ್ಲಾಯಿತು; ಬರಿಯ ದ್ರವ ಪಡೆದವರಲ್ಲಿ ನೂರಕ್ಕೆ 0.6 ಮಂದಿಗೆ ಮಾತ್ರ. ಹತ್ತು ಪಾಲು ಹೆಚ್ಚು! ಇಷ್ಟಕ್ಕೇ ನಿಂತವರು ಕಾಗದವನ್ನು ಹಿಂದಕ್ಕೆ ಕೊಟ್ಟುಬಿಡುವುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಪ್ರಯೋಗದ ಉಳಿದ ಅಂಕಿಗಳನ್ನೂ ನೋಡಬೇಕು. ಮೂರು ತಿಂಗಳೊಳಗೆ ಸತ್ತವರು ಮದ್ದು ಪಡೆದವರಲ್ಲಿ ನೂರಕ್ಕೆ 17, ಪಡೆಯದವರಲ್ಲಿ 21. ರಕ್ತಸ್ರಾವದಿಂದಾದ ಸಾವುಗಳೆಲ್ಲ ಆ 17 ರೊಳಗೇ ಸೇರಿರುವುವೆಂಬುದನ್ನು ಓದುಗರು ಗಮನಿಸಬೇಕು. ಮೂರು ತಿಂಗಳ ಬಳಿಕ ಹೆಚ್ಚಿನ ಊನವಿಲ್ಲದೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದವರು, ಪ್ರಯೋಗದ ಎರಡನೆಯ ಭಾಗದಲ್ಲಿ, ಮದ್ದು ಪಡೆದ ನೂರರಲ್ಲಿ 39. ಪಡೆಯದ ನೂರರಲ್ಲಿ 26. ನಮಗೆ ಈ ಕಡೆಯ ಲೆಕ್ಕವೇ ಮುಖ್ಯವೆಂದು ತೋರುವುದು. ಏಕೆಂದರೆ ಲಕ್ವದ ವಿಷಯದಲ್ಲಿ ಮನೆಯವರು ಹೆದರಬೇಕಾದುದು ಸಾವಿಗೊಂದೇ ಅಲ್ಲ. ಹಾಸಿಗೆಯಲ್ಲಿ ವರ್ಷಗಟ್ಟಲೆ ಮಲಗಿದವರ ಸೇವೆಯೇನೆಂಬುದನ್ನು ಮನೆಯ ಹೆಂಗಸರನ್ನು ಕೇಳಬೇಕು.

2008 ರಲ್ಲಿ ಪ್ರಕಟವಾದ ಯೂರೋಪಿನ ಇನ್ನೊಂದು ಪ್ರಯೋಗವು ಮೂರರಿಂದ ನಾಲ್ಕೂವರೆ ಗಂಟೆಗಳ ನಡುವೆ ಬಂದ 821 ಮಂದಿಯನ್ನು ಕುರಿತುದು. ಅಲ್ಲಿಯೂ ಲಾಭ ಕಂಡಿತು, ಆದರೆ ಕಡಿಮೆ: ನೂರಕ್ಕೆ 52 ಮಂದಿ ಮತ್ತು 45 ಮಂದಿ. ತಡವಾದಂತೆ ತಕ್ಕಡಿ ಹೇಗೆ ವಾಲುವುದೆಂಬುದಕ್ಕೆ ಇದು ನಿದರ್ಶನ.

ರಕ್ತಸ್ರಾವವು ಎಲ್ಲರಿಗೂ ಸಮನಾದ ಭಯವಲ್ಲ. ವಯಸ್ಸು ಬಹಳವಾದವರಿಗೆ, ಲಕ್ವದ ಹೊಡೆತ ತೀವ್ರವಾಗಿದ್ದವರಿಗೆ, ರಕ್ತದಲ್ಲಿ ಸಕ್ಕರೆ ಏರಿರುವವರಿಗೆ ಹೆಚ್ಚು. ಎಲ್ಲಕ್ಕೂ ಮಿಗಿಲಾಗಿ ರಕ್ತದ ಒತ್ತಡ ಏರಿರುವವರಿಗೆ ಹೆಚ್ಚು. ಅದು 185/110 ಕ್ಕಿಂತ ಕೆಳಗಿಳಿಯದೆ ಮದ್ದನ್ನು ಆರಂಭಿಸುವುದಿಲ್ಲ. ಕೊಟ್ಟ ಮೇಲೆ ಒಂದು ಹಗಲು ಒಂದು ರಾತ್ರಿ 180/105 ರೊಳಗೆ ಇಟ್ಟಿರಬೇಕು. ಮೊದಲ ಎರಡು ಗಂಟೆಗಳಲ್ಲಿ ದಾದಿಯು ಕಾಲುಗಂಟೆಗೊಮ್ಮೆ ಬಂದು ತೋಳಿಗೆ ಪಟ್ಟಿ ಕಟ್ಟುವುದು ಇದಕ್ಕಾಗಿಯೇ. "ಪಾಪ, ಮಲಗಲು ಬಿಡುವುದಿಲ್ಲ" ಎಂದು ಗೊಣಗುವ ಬಂಧುಗಳನ್ನು ನಾವು ಕಂಡಿರುವೆವು; ಆ ರಾತ್ರಿ ನಿದ್ದೆಗಿಂತ ಆ ಪಟ್ಟಿಯೇ ದೊಡ್ಡದು. ಹಾಗೆಂದು, ಮನೆಯಲ್ಲಿಯೇ ಒತ್ತಡವನ್ನಿಳಿಸಲು ಮಾತ್ರೆ ಕೊಡತಕ್ಕದ್ದಲ್ಲ. ಲಕ್ವ ತಗುಲಿದ ಹೊತ್ತಿನಲ್ಲಿ ಒತ್ತಡವು ಒಮ್ಮೆಗೇ ಕುಸಿದರೆ ಮೆದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುವುದು. ನುಂಗುವ ಶಕ್ತಿ ಹೋಗಿದ್ದರೆ ಮಾತ್ರೆಯೂ ನೀರೂ ಶ್ವಾಸನಾಳಕ್ಕೆ ಇಳಿಯುವುವು.

ಇಲ್ಲಿ ನಮ್ಮ ನಾಡಿನದೇ ಆದ ಒಂದು ಸಂದೇಹಕ್ಕೆ ಉತ್ತರ ಹೇಳಬೇಕಾಗಿದೆ. ಕರ್ನಾಟಕ ಸರಕಾರವು 2023 ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿ, ಹೃದಯಾಘಾತವಾದವರಿಗೆ ಟೆನೆಕ್ಟಿಪ್ಲೇಸ್ ಎಂಬ ಬೆಲೆಯುಳ್ಳ ಸೂಜಿಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಆಲ್ಟಿಪ್ಲೇಸಿನ ತಮ್ಮನೆನ್ನಬಹುದಾದ ಈ ಮದ್ದನ್ನು ಈಗ ಲಕ್ವಕ್ಕೂ ಬಳಸುವರು. ನಮ್ಮ ದೇಶದಲ್ಲಿ ಅದಕ್ಕೆ 2016 ರಲ್ಲಿಯೂ ಅಮೆರಿಕದಲ್ಲಿ 2025 ರಲ್ಲಿಯೂ ಅನುಮತಿ ದೊರೆತಿದೆ. ಹಾಗಾದರೆ ಎದೆನೋವಿನವರಿಗೆ ತಾಲ್ಲೂಕಿನಲ್ಲಿಯೇ ಕೊಡುವ ಸೂಜಿಯನ್ನು ಲಕ್ವದವರಿಗೂ ಅಲ್ಲಿಯೇ ಹಾಕಿಬಿಡಬಾರದೇಕೆ ಎಂದು ಜನ ಕೇಳುವುದು ನ್ಯಾಯವೇ. ಹೃದಯದ ರೋಗವನ್ನು ಇ.ಸಿ.ಜಿ. ಎಂಬ ಸಣ್ಣ ಯಂತ್ರದಿಂದ ಕಂಡುಕೊಳ್ಳಬಹುದು. ಮೆದುಳಿನದನ್ನು ಸ್ಕ್ಯಾನ್ ಇಲ್ಲದೆ ಅರಿಯಲಾಗದು. ಅಷ್ಟೇ ಅಲ್ಲದೆ ಪ್ರಮಾಣವೂ ಬೇರೆ. 60 ಕಿಲೋ ತೂಕದ ರೋಗಿಗೆ ಹೃದಯಾಘಾತದಲ್ಲಿ ಸಾಮಾನ್ಯವಾಗಿ 35 ಮಿಲಿಗ್ರಾಂ ಕೊಡುವುದಾದರೆ, ಲಕ್ವದಲ್ಲಿ ಕಿಲೋವೊಂದಕ್ಕೆ 0.25 ಮಿಲಿಗ್ರಾಮಿನಂತೆ 15 ಮಾತ್ರ. ನಾರ್ವೆ ದೇಶದಲ್ಲಿ 0.4 ರಂತೆ ಕೊಟ್ಟುನೋಡಿದ ಪ್ರಯೋಗವನ್ನು, ರಕ್ತಸ್ರಾವ ಹೆಚ್ಚಿದುದರಿಂದ ನಿಲ್ಲಿಸಿದರು; ಅದರ ವರದಿ 2022 ರಲ್ಲಿ ಬಂದಿತು. ಆದುದರಿಂದ ಲಕ್ವದ ಲಕ್ಷಣ ಕಂಡೊಡನೆ, ಸ್ಕ್ಯಾನ್ ಯಂತ್ರವಿರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕೆಂದು ವೈದ್ಯರು ಒತ್ತಿ ಹೇಳುವರು. ಹಿಮಾಚಲ ಪ್ರದೇಶದಲ್ಲಿ 2014 ರಿಂದೀಚೆಗೆ, ಸ್ಕ್ಯಾನ್ ಇರುವ ಜಿಲ್ಲಾ ಆಸ್ಪತ್ರೆಗಳ ವೈದ್ಯರು ದೂರದ ನರರೋಗತಜ್ಞರನ್ನು ಮೊಬೈಲಿನಲ್ಲಿಯೇ ಕೇಳಿ ಈ ಮದ್ದನ್ನು ಕೊಟ್ಟ ಉದಾಹರಣೆ ಉಂಟು. ನಮ್ಮಲ್ಲಿಯೂ ನಿಮ್ಹಾನ್ಸ್ ಸಂಸ್ಥೆ ಹಾಗೂ ರಾಜ್ಯ ಸರಕಾರ ಕೂಡಿ 2022 ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ತೊಡಗಿ, ಜಿಲ್ಲೆಗಳ ವೈದ್ಯರಿಗೆ ನರರೋಗಗಳ ವಿಷಯದಲ್ಲಿ ತರಬೇತಿ ಕೊಡಲು ಮೊದಲುಮಾಡಿದುವು.

ಎದೆನೋವಿಗೆಂದು ಅನೇಕರು ಮನೆಯಲ್ಲಿ ಆಸ್ಪಿರಿನ್ ಇಟ್ಟುಕೊಂಡಿರುವರು. ಲಕ್ವಕ್ಕೂ ಅದನ್ನೇ ಕೊಡುವುದು ತಪ್ಪು. ಒಳಗೆ ರಕ್ತ ಸೋರುತ್ತಿದ್ದರೆ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುವುದು. ಹಾಗೆಯೇ ದಾರಿಯಲ್ಲಿ ಯಾರಿಂದಲೋ ಸೊಂಟಕ್ಕೊಂದು ಸೂಜಿ ಹಾಕಿಸಿಕೊಂಡು ಹೋಗುವ ರೂಢಿಯೂ ಕೆಟ್ಟದ್ದು. ಹೆಪ್ಪು ಕರಗಿಸುವ ಮದ್ದು ಮೈಗೇರಿದ ಮೇಲೆ ಆ ಸೂಜಿ ಚುಚ್ಚಿದ ಮಾಂಸದೊಳಗೆ ರಕ್ತ ತುಂಬಿ ದೊಡ್ಡ ಗಂಟಾಗುವುದುಂಟು.

ರಕ್ತಸ್ರಾವದ ನಂತರ ಹೇಳತಕ್ಕದ್ದು ನಾಲಗೆ ಮತ್ತು ತುಟಿಗಳ ಬಾವು. ನೂರರಲ್ಲಿ ಒಂದರಿಂದ ಐದು ಮಂದಿಗೆ ಇದು ಬರಬಹುದು. ಅದರಲ್ಲಿಯೂ ರಕ್ತದೊತ್ತಡಕ್ಕಾಗಿ ಎನಲಾಪ್ರಿಲ್, ರಾಮಿಪ್ರಿಲ್ ಮುಂತಾದ ಮಾತ್ರೆಗಳನ್ನು ನುಂಗುತ್ತಿದ್ದವರಲ್ಲಿ ಹೆಚ್ಚು. ಬಹುಮಟ್ಟಿಗೆ ಒಂದೇ ಪಕ್ಕದಲ್ಲಿ, ಅದೂ ಕೈಕಾಲು ಸೋತ ಪಕ್ಕದಲ್ಲಿಯೇ, ಊದಿಕೊಳ್ಳುವುದು ಇದರ ವಿಚಿತ್ರ. ಸಾಮಾನ್ಯವಾಗಿ ತಾನಾಗಿ ಇಳಿದುಹೋಗುವುದು. ಆದರೆ ಅಪರೂಪವಾಗಿ ನಾಲಗೆ ದಪ್ಪಗಾಗಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ಲಕ್ವದಿಂದ ಬಾಯಿ ಮೊದಲೇ ಸೊಟ್ಟಗಾಗಿರುವುದರಿಂದ ಈ ಊತವು ಹೊಸಬರ ಕಣ್ಣಿಗೆ ಬೀಳದೆಯೂ ಇರಬಹುದು. ದಿನವೂ ಆ ಮುಖವನ್ನು ನೋಡಿದ ಹೆಂಡತಿಗೋ ಸೊಸೆಗೋ "ತುಟಿ ಹೀಗಿರಲಿಲ್ಲ" ಎಂದು ತೋರಿದರೆ ಸಂಕೋಚಪಡದೆ ದಾದಿಯನ್ನು ಕರೆಯಬೇಕು.

ಒಸಡಿನಲ್ಲಿ ರಕ್ತ ಕಾಣುವುದು, ಸೂಜಿ ಚುಚ್ಚಿದ ಕಡೆ ಚರ್ಮ ಕಪ್ಪಾಗುವುದು, ಮೂಗಿನಿಂದ ನಾಲ್ಕು ಹನಿ ಸುರಿಯುವುದು, ಇವು ಬಹಳ ಮಂದಿಗೆ ಆಗತಕ್ಕವೇ, ಒತ್ತಿಹಿಡಿದರೆ ನಿಲ್ಲುವುವು. ಮೂತ್ರದಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ, ತಿಳಿಸಬೇಕು. ಕೂಡಲೇ ಕೂಗಿ ಕರೆಯಬೇಕಾದ ಲಕ್ಷಣಗಳು ಬೇರೆ: ಹಠಾತ್ತಾಗಿ ತೀವ್ರ ತಲೆನೋವು, ವಾಂತಿ, ಮಂಪರು, ಒತ್ತಡದ ಏರಿಕೆ, ಸುಧಾರಿಸುತ್ತಿದ್ದ ಕೈ ಮತ್ತೆ ಬೀಳುವುದು. ಆಗ ಹನಿಯುತ್ತಿರುವ ಮದ್ದನ್ನು ತಕ್ಷಣ ನಿಲ್ಲಿಸಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ನಾಳಕ್ಕೆ ಏರಿಸುವರು. ಆಲ್ಟಿಪ್ಲೇಸ್ ರಕ್ತದಲ್ಲಿ ಬಹುಬೇಗ ಕ್ಷಯಿಸುವ ಮದ್ದಾದುದರಿಂದಲೇ ಅದರ ಹತ್ತನೆಯ ಒಂದು ಪಾಲನ್ನು ಮೊದಲು ಒಮ್ಮೆಗೆ ಕೊಟ್ಟು, ಉಳಿದುದನ್ನು ಒಂದು ಗಂಟೆಯ ಕಾಲ ಹನಿಸುವುದು. ರಕ್ತಸ್ರಾವದ ಭಯ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಧಿಕ. ಅನಂತರ ಇಳಿಯುತ್ತ ಹೋಗುವುದು. ಆ ಅವಧಿ ಮುಗಿದು, ಎರಡನೆಯ ಸ್ಕ್ಯಾನಿನಲ್ಲಿ ರಕ್ತವಿಲ್ಲವೆಂದು ಕಂಡ ಮೇಲೆಯೇ ಆಸ್ಪಿರಿನ್ ಮೊದಲಾದುವನ್ನು ತೊಡಗುವರು.

ಕೆಲವರಿಗೆ ಈ ಮದ್ದನ್ನು ಕೊಡಲೇಬಾರದು. ಹಿಂದೆ ಎಂದಾದರೂ ಮೆದುಳಿನಲ್ಲಿ ರಕ್ತ ಸೋರಿದ್ದವರು, ಮೂರು ತಿಂಗಳೊಳಗೆ ತಲೆಗೆ ಬಲವಾದ ಪೆಟ್ಟು ಬಿದ್ದವರು, ಈಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರು, ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತವನ್ನು ತೆಳುಮಾಡುವ ವಾರ್ಫರಿನ್, ಅಸಿಟ್ರಾಂ ಮುಂತಾದ ಮಾತ್ರೆಗಳಲ್ಲಿರುವವರು, ಇಂಥವರ ವಿಷಯದಲ್ಲಿ ವೈದ್ಯರು ಹಿಂಜರಿಯುವರು ಅಥವಾ ಪರೀಕ್ಷೆಗಳನ್ನು ನೋಡಿ ನಿರ್ಧರಿಸುವರು. ಕೊಡುವುದಿಲ್ಲವೆಂದರೆ ಕೈಬಿಟ್ಟರೆಂದು ಅರ್ಥವಲ್ಲ. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ನಾಳದಿಂದ ಸಣ್ಣ ಕೊಳವೆಯನ್ನು ಮೆದುಳಿನವರೆಗೆ ತೂರಿಸಿ ಹೆಪ್ಪನ್ನೇ ಎಳೆದುತೆಗೆಯುವ ವಿಧಾನವು 2015 ರಿಂದ ಪ್ರಮಾಣಸಿದ್ಧವಾಗಿದೆ. ಆಯ್ದ ರೋಗಿಗಳಲ್ಲಿ ಅದನ್ನು 24 ಗಂಟೆಗಳವರೆಗೂ ಮಾಡುವರು. ಅದು ದೊಡ್ಡ ನಗರಗಳ ಮಾತು, ಖರ್ಚೂ ಬಹಳ.

ಹೀಗಿರಲು, ಕಾಗದಕ್ಕೆ ರುಜು ಹಾಕುವಾಗ ಮನೆಯವರು ತೂಗಿನೋಡಬೇಕಾದುದು ಮದ್ದಿನ ಅಪಾಯವನ್ನಲ್ಲ. ಮದ್ದಿನ ಅಪಾಯ ಒಂದು ತಟ್ಟೆಯಲ್ಲಿ, ಮದ್ದಿಲ್ಲದ ಲಕ್ವ ಇನ್ನೊಂದು ತಟ್ಟೆಯಲ್ಲಿ. ತೂಗುವ ಕೆಲಸದ ಬಹುಪಾಲನ್ನು ವೈದ್ಯರು ಸ್ಕ್ಯಾನ್ ನೋಡಿಯೇ ಮಾಡಿರುವರು. ಅವರಿಗೆ ತಿಳಿಯದೆ ಉಳಿದಿರುವುದು ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಅದರಲ್ಲಿ ಮೊದಲನೆಯದು ಹೊತ್ತು. "ಬೆಳಿಗ್ಗೆ ಎದ್ದಾಗ ಹೀಗಾಗಿತ್ತು" ಎಂದರೆ ಸಾಲದು. ಸರಿಯಾಗಿದ್ದುದನ್ನು ಕಡೆಯ ಸಲ ನೋಡಿದುದು ಯಾವಾಗ ಎಂಬುದು ಬೇಕು. ಹಳ್ಳಿಯಲ್ಲಿ ಹೊತ್ತನ್ನು ಗಡಿಯಾರದಿಂದ ಹೇಳುವವರು ಕಡಿಮೆ. ಡೈರಿಗೆ ಹಾಲು ಹಾಕಿ ಬಂದ ಮೇಲೆ, ಮೊದಲ ಬಸ್ಸು ಹೋಗುವುದಕ್ಕೆ ಮುಂಚೆ, ಎಂದು ಹೇಳಿದರೂ ಆದೀತು. ಗಂಟೆಯನ್ನು ಅದರಿಂದ ಲೆಕ್ಕಹಾಕಬಹುದು. ಹೊತ್ತು ಕಡಿಮೆ ಹೇಳಿದರೆ ಮದ್ದು ಸಿಕ್ಕೀತೆಂದು ಸುಳ್ಳಾಡುವುದು ಮಾತ್ರ ಘಾತುಕ. ಒಣಗಿದ ಕಾಲುವೆಗೆ ತಿಳಿದೂ ತಿಳಿದೂ ನೀರು ಬಿಟ್ಟಂತೆ. ರಾತ್ರಿ ಮಲಗಿದವರು ಬೆಳಿಗ್ಗೆ ಲಕ್ವದೊಡನೆ ಎದ್ದರೂ, ಎಂ.ಆರ್.ಐ. ಸೌಕರ್ಯವಿರುವ ಕಡೆ, ಮೆದುಳಿಗೆ ಆಗಿರುವ ಹಾನಿ ಹೊಸದೆಂದು ಕಂಡರೆ ಮದ್ದು ಕೊಡಬಹುದೆಂದು 2018 ರ ಪ್ರಯೋಗವೊಂದು ತೋರಿಸಿತು. ಸುಳ್ಳಿನ ಅಗತ್ಯವೇನೂ ಇಲ್ಲ.

ಎರಡನೆಯದು, ನುಂಗುತ್ತಿರುವ ಮಾತ್ರೆಗಳು. ಹೆಸರು ಬಾಯಿಗೆ ಬಾರದಿದ್ದರೆ ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು. ಮೂರನೆಯದು ತೂಕ. ಈ ಮದ್ದನ್ನು ತೂಕಕ್ಕೆ ಸರಿಯಾಗಿಯೇ ಅಳೆಯುವರು. ಆಲ್ಟಿಪ್ಲೇಸ್ ಕಿಲೋವೊಂದಕ್ಕೆ 0.9 ಮಿಲಿಗ್ರಾಂ, ಒಟ್ಟು 90 ಕ್ಕೆ ಮೀರದಂತೆ. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು ಕರಗದು. ಏಳಲಾರದ ರೋಗಿಯನ್ನು ತೂಗುವುದು ಎಲ್ಲ ಕಡೆಯೂ ಸಾಧ್ಯವಾಗದೆ ಅಂದಾಜಿನಲ್ಲಿಯೇ ನಡೆಸಬೇಕಾಗುವುದುಂಟು. ಭೀಮಸಮುದ್ರದಂತಹ ಊರಿನಲ್ಲಿ ಮನೆಯೊಳಗಿನ ಅಡಿಕೆಯ ಒಂದೊಂದು ಚೀಲದ ತೂಕವನ್ನೂ ಮಕ್ಕಳು ಮರಿಗಳೆಲ್ಲ ಬಲ್ಲರು. ಯಜಮಾನರ ತೂಕವೆಷ್ಟೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುವರು. ಔಷಧದ ಡಬ್ಬಿಯ ಮುಚ್ಚಳದ ಒಳಗಡೆ ಒಂದು ಚೀಟಿಯನ್ನಂಟಿಸಿ, ಮಾತ್ರೆಗಳ ಹೆಸರು, ಆದ ಶಸ್ತ್ರಚಿಕಿತ್ಸೆಗಳು, ಅವುಗಳ ತಿಂಗಳು ವರ್ಷ, ತೂಕ, ಇಷ್ಟನ್ನು ಬರೆದಿಟ್ಟರೆ ಸಾಕು. ತೂಕವನ್ನು ಅಡಿಕೆಯ ಮಂಡಿಯ ಯಂತ್ರದ ಮೇಲೆ ನಿಂತು ನೋಡಿದರೂ ಆದೀತು.